ಕಂಬ ಹತ್ತಲು ಶಕ್ತಿ ಬೇಕಾ? ನನ್ನ ಪೋಲ್ ಡಾನ್ಸ್ ಅನುಭವ

ಪೋಲ್ ಡಾನ್ಸ್‌ನ ಬಿಗಿನರ್ ಹಂತ ಮುಗಿಸಿದ್ದೇನೆ. ಕಂಬ ಹಿಡಿದು, ನೆಲದಿಂದ ಕಾಲೆತ್ತಿ ತಲೆಕೆಳಗಾಗುವುದಕ್ಕೆ ಇನ್ವರ್ಟ್ ಅನ್ನುತ್ತಾರೆ. ಅದು ಬಂದವರನ್ನು ಮುಂದಿನ ಹಂತಕ್ಕೆ ಕಳಿಸುತ್ತಾರೆ. ನನಗೆ ಬಂತು. ವಿಷಯ ಗೊತ್ತಾದವರೆಲ್ಲ ಕೇಳುವುದು ಎರಡೇ ಪ್ರಶ್ನೆ. "ಅಷ್ಟು ಶಕ್ತಿ ಎಲ್ಲಿಂದ ಬಂತು?" "ನನ್ನ ತೂಕಕ್ಕೆ ಇದು ಆಗುತ್ತಾ?" ಸೇರುವ ಮುಂಚೆ ನಾನೂ ಇವೆರಡಕ್ಕೇ ತಲೆ ಕೆಡಿಸಿಕೊಂಡಿದ್ದೆ. ಆದರೆ ನನಗೆ ಅಡ್ಡ ಬಂದಿದ್ದೇ ಬೇರೆ. ಒಂದು ಫಾರ್ಮು, ತೊಡೆಯ ಚರ್ಮ, ಒಳಕಿವಿ, ಬಲ ಮೊಣಕೈ. ಇವುಗಳ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಟೋಟದ ಪೈಕಿ ಅಲ್ಲ. ದಿನವಿಡೀ ಕೂತು ಮಾಡುವ ಕೆಲಸ, ನಲವತ್ತರ ಆಸುಪಾಸಿನ ವಯಸ್ಸು, ಬಿಗಿದುಕೊಂಡ ಕುತ್ತಿಗೆ. ಜಿಮ್‌ಗೆ ಸೇರುವುದು, ಬಿಡುವುದು ನಡೆದೇ ಇತ್ತು. ಒಂದು ದಿನ ಗೆಳತಿ ತನ್ನ ವಿಡಿಯೊ ಕಳಿಸಿದಳು. ಕಂಬದ ಅರ್ಧದಲ್ಲಿ ಕೂತಿದ್ದಾಳೆ. ಕೈ ಎರಡೂ ಬಿಟ್ಟಿದ್ದಾಳೆ. ಬರೀ ತೊಡೆಯ ಹಿಡಿತದಲ್ಲಿ ಕೂತು, ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡು, ಆರಾಮಾಗಿ ಕೂದಲು ಕಟ್ಟಿಕೊಳ್ಳುತ್ತಿದ್ದಾಳೆ. ಅವಳ ಮುಂದಿನ ಭಂಗಿಗಳೆಲ್ಲ ಮರೆತುಹೋದವು. ಆ ಕೂದಲು ಕಟ್ಟುವುದು ಮಾತ್ರ ತಲೆಯಿಂದ ಹೋಗಲಿಲ್ಲ.

ಸೇರಲು ಹೋದರೆ ಮೊದಲು ಸಿಕ್ಕಿದ್ದು ವೇಟಿಂಗ್ ಲಿಸ್ಟ್. ಒಂದು ಕಂಬಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಕಾಲು ಚಾಚಿ ಸುತ್ತಿದಾಗ ಪಕ್ಕದವರಿಗೆ ತಾಗದಷ್ಟು ಜಾಗವೂ ಬೇಕು. ಹಾಗಾಗಿ ಹಾಲ್ ದೊಡ್ಡದಿದ್ದರೂ ಸೀಟು ಕಮ್ಮಿಯೇ. ಟ್ರಯಲ್ ಕ್ಲಾಸ್ ಬೇಗ ಸಿಗುತ್ತದೆ, ಕೋರ್ಸ್‌ನಲ್ಲಿ ಜಾಗ ಸಿಗುವುದು ತಡ. ನೀವು ಯೋಚನೆ ಮಾಡುತ್ತಿದ್ದರೆ ಸುಮ್ನೆ ಹೆಸರು ಬರೆಸಿಬಿಡಿ, ನಿರ್ಧಾರ ಆಮೇಲೆ ಮಾಡಿ.

ಆಮೇಲೆ ಆರೋಗ್ಯದ ಫಾರ್ಮು. ರಕ್ತದೊತ್ತಡ, ಹೃದಯದ ತೊಂದರೆ, ಗ್ಲಾಕೋಮಾ, ತಲೆಸುತ್ತು, ಹಿಂದೆ ಹೆಗಲು ಜಾರಿದ್ದು, ಆಪರೇಷನ್, ಗರ್ಭ, ನಿಕ್ಕಲ್ ಅಲರ್ಜಿ. ಡಾನ್ಸ್ ಕಲಿಯುವುದಕ್ಕೆ ಕಣ್ಣಿನ ಕಾಯಿಲೆ ಯಾಕೆ ಕೇಳುತ್ತಾರೆ ಅಂದುಕೊಂಡೆ. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಗ್ಲಾಕೋಮಾ ಇದ್ದವರಿಗೆ ಅದು ಅಪಾಯ. ನಿಕ್ಕಲ್ ಕೇಳುವುದೂ ಸುಮ್ಮನೆ ಅಲ್ಲ. ಕ್ರೋಮ್ ಲೇಪನದ ಕಂಬಗಳಲ್ಲಿ ಕ್ರೋಮ್‌ನ ಕೆಳಗೆ ನಿಕ್ಕಲ್ ಪದರ ಇರುತ್ತದೆ.

ನಾನು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಅಲ್ಲಿ ಟಿಕ್ ಹಾಕಿದ್ದೇ ತಡ, ಡಾಕ್ಟರ್ ಪತ್ರ ಬೇಕು ಅಂದರು. ಡಾಕ್ಟರ್ "ಡಾನ್ಸ್ ತಾನೇ, ಧಾರಾಳವಾಗಿ ಮಾಡಿ" ಅಂದು ಪೆನ್ನು ತೆಗೆದರು. ಗೆಳತಿಯ ವಿಡಿಯೊ ತೋರಿಸಿದೆ. ಪೆನ್ನು ಕೆಳಗಿಟ್ಟರು. ಬಿಗಿಯಾಗಿ ಹಿಡಿದು ಉಸಿರು ಕಟ್ಟಿದರೆ ರಕ್ತದೊತ್ತಡ ಧಿಡೀರನೆ ಏರುತ್ತದಂತೆ. ಮನೆಯಲ್ಲೇ ಕೆಲವು ದಿನ ಬಿ.ಪಿ. ಅಳೆದು ಬರೆದುಕೊಂಡು ಬನ್ನಿ ಅಂದರು. ಅಂಕಿಗಳು ಹಿಡಿತದಲ್ಲಿವೆ ಅಂತ ಖಾತ್ರಿಯಾದ ಮೇಲೆ ಪತ್ರ ಕೊಟ್ಟರು. ಉಸಿರು ಹಿಡಿಯಬಾರದು, ತಲೆ ಭಾರ ಅನಿಸಿದರೆ ತಕ್ಷಣ ಇಳಿಯಬೇಕು ಅನ್ನುವ ಷರತ್ತುಗಳೂ ಇದ್ದವು. ಹೀಗೆ ಪತ್ರ ಬೇಕಾದವರು "ಡಾನ್ಸ್ ಕ್ಲಾಸ್" ಅಂತ ಹೇಳಿ ಸಹಿ ಹಾಕಿಸಿಕೊಳ್ಳಬೇಡಿ. ತಲೆಕೆಳಗಾಗುವುದು ಇದೆ, ತೂಕವೆಲ್ಲ ಕೈಮೇಲೆ ಬರುತ್ತದೆ ಅಂತ ಬಿಡಿಸಿ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಹೇಳಲೇಬೇಕು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇನ್ನೆರಡು ಕಾಗದಗಳಿದ್ದವು. ಬಿದ್ದರೆ ನಿಮ್ಮದೇ ಜವಾಬ್ದಾರಿ ಅನ್ನುವುದು ಒಂದು, ಫೋಟೊ-ವಿಡಿಯೊ ಹಾಕಿಕೊಳ್ಳಲು ಒಪ್ಪಿಗೆ ಇನ್ನೊಂದು. ಎರಡನೆಯದಕ್ಕೆ ಬೇಡ ಅನ್ನಬಹುದು. ನಾನು ಬೇಡ ಅಂದೆ, ಯಾರೂ ಮುಖ ಸಿಂಡರಿಸಲಿಲ್ಲ.

ದುಡ್ಡಿನ ವಿಷಯ. ಕ್ಲಾಸ್‌ಗಳನ್ನು ಬಿಡಿಯಾಗಿ ಕೊಂಡರೆ ದುಬಾರಿ, ಪ್ಯಾಕ್ ಕೊಂಡರೆ ಅಗ್ಗ. ಆದರೆ ಪ್ಯಾಕ್‌ಗೆ ಅವಧಿ ಇರುತ್ತದೆ. ಗಾಯವಾದರೆ ಅದನ್ನು ತಡೆಹಿಡಿಯಬಹುದಾ ಅಂತ ದುಡ್ಡು ಕಟ್ಟುವ ಮುಂಚೆಯೇ ಕೇಳಿ, ಬರೆಸಿಕೊಳ್ಳಿ. ಸಲಕರಣೆಗೆ ಶುರುವಿನಲ್ಲಿ ಜಾಸ್ತಿ ಖರ್ಚಿಲ್ಲ. ಗಿಡ್ಡ ಶಾರ್ಟ್ಸ್, ತೋಳಿಲ್ಲದ ಮೇಲಂಗಿ, ಕಂಬ ಒರೆಸಲು ಬಟ್ಟೆ, ಇಷ್ಟು ಸಾಕು. ಮಂಡಿಗೆ ಪ್ಯಾಡ್ ಬೇಕಾಗುವುದು ನೆಲದ ಮೇಲಿನ ಚಲನೆಗಳು ಶುರುವಾದಾಗ. ಎತ್ತರದ ಹೀಲ್ಸ್ ಬೇಕೇ ಬೇಕು ಅಂತೇನಿಲ್ಲ. ನಾನು ಇವತ್ತಿನವರೆಗೂ ಬರಿಗಾಲಲ್ಲೇ ಇದ್ದೇನೆ.

ಆ ಗಿಡ್ಡ ಶಾರ್ಟ್ಸ್ ವಿಷಯಕ್ಕೆ ನನಗೆ ನಿದ್ದೆ ಬಂದಿರಲಿಲ್ಲ. ಟ್ರಯಲ್‌ಗೆ ಉದ್ದ ಲೆಗ್ಗಿಂಗ್ಸ್ ನಡೆಯುತ್ತದೆ ಅಂದಿದ್ದರು. ಮೊದಲ ದಿನ ನೆಲದ ಮೇಲೆ ಒಂದು ಕಾಲಿಟ್ಟುಕೊಂಡೇ ಕಂಬದ ಸುತ್ತ ನಡೆಯುವುದು, ಆಮೇಲೆ ಕಂಬ ಹಿಡಿದು ಸುತ್ತುವ ಫೈರ್‌ಮನ್ ಸ್ಪಿನ್, ಚೇರ್ ಸ್ಪಿನ್. ಇವಕ್ಕೆ ಕೈಹಿಡಿತವೇ ಮುಖ್ಯ. ಕಂಬದ ಮೇಲೆ ಕೂರುವ ಪೋಲ್ ಸಿಟ್‌ಗೆ ಬಂದಾಗ ಲೆಗ್ಗಿಂಗ್ಸ್ ಹಾಕಿದವರೆಲ್ಲ ಜರ್ರನೆ ಕೆಳಗೆ. ಬಟ್ಟೆ ಜಾರುತ್ತದೆ, ಚರ್ಮ ಹಿಡಿಯುತ್ತದೆ. ಅಷ್ಟೇ ವಿಷಯ. ಒಳತೊಡೆ, ಮಂಡಿಯ ಹಿಂಭಾಗ, ಮೊಣಕೈ ಮಡಿಕೆ, ಕಂಕುಳು, ಸೊಂಟದ ಪಕ್ಕ ಇವೇ ಇಲ್ಲಿ ಹಿಡಿತದ ಜಾಗಗಳು. ಹಂತ ಏರಿದ ಹಾಗೆ ಹೊಸ ಹೊಸ ಜಾಗ ಬೇಕಾಗುತ್ತದೆ, ಬಟ್ಟೆ ಅಷ್ಟಷ್ಟೇ ಕಮ್ಮಿಯಾಗುತ್ತದೆ. ಸರ್ಕಸ್‌ನ ಚೈನೀಸ್ ಪೋಲ್‌ಗೆ ರಬ್ಬರ್ ಹೊದಿಕೆ ಇರುವುದರಿಂದ ಅವರು ಮೈತುಂಬ ಬಟ್ಟೆ, ಶೂ ಹಾಕಿಕೊಂಡೇ ಹತ್ತುತ್ತಾರೆ. ನಮ್ಮದು ಬರೀ ಲೋಹ.

ಮುಂದಿನ ಕ್ಲಾಸ್‌ಗೆ ಶಾರ್ಟ್ಸ್ ಹಾಕಿದೆ. ಮೊದಲ ಹತ್ತು ನಿಮಿಷ ಅಂಗೈಯಿಂದ ತೊಡೆ ಮುಚ್ಚಿಕೊಳ್ಳುವುದೇ ಆಯಿತು. ಆಮೇಲೆ ಕಂಬ ಹಿಡಿಯಲು ಕೈ ಬೇಕಾಯಿತು.

ಚರ್ಮವೇ ಸಲಕರಣೆ ಆದ ಮೇಲೆ ಅದಕ್ಕೂ ನಿಯಮಗಳಿವೆ. ಕ್ಲಾಸಿನ ಹಿಂದಿನ ರಾತ್ರಿಯಿಂದಲೇ ಎಣ್ಣೆ, ಲೋಷನ್ ಬೇಡ. ಉಂಗುರ, ಬಳೆ ತೆಗೆದಿಡಬೇಕು. ನಮ್ಮ ಬ್ಯಾಚಿನಲ್ಲಿ ಒಬ್ಬರು ಸನ್‌ಸ್ಕ್ರೀನ್ ಹಚ್ಚಿಕೊಂಡು ಬಂದಿದ್ದರು. ಟೀಚರ್ ಕ್ಲಾಸ್ ನಿಲ್ಲಿಸಿ, ಸ್ಪಿರಿಟ್ ಹಾಕಿ ಕಂಬವನ್ನು ಮೇಲಿಂದ ಕೆಳಗಿನವರೆಗೆ ಒರೆಸಿದರು. ನಾವು ಬಿಟ್ಟ ಜಿಡ್ಡಿನಲ್ಲಿ ಜಾರುವವರು ನಮ್ಮ ನಂತರ ಹತ್ತುವವರು. ಕೈ ಬೆವರುವವರಿಗೆ ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಒಳ್ಳೆಯದು. ನನ್ನ ಹಾಗೆ ಒಣಚರ್ಮದವರಿಗೆ ಅದು ಇನ್ನೂ ಜಾರುವ ಹಾಗೆ ಮಾಡುತ್ತದೆ, ಕೈಗೆ ಹಚ್ಚಿಕೊಳ್ಳುವ, ಅಂಟುವ ಥರದ ಗ್ರಿಪ್ ಬೇಕು. ಯಾವುದನ್ನೂ ಟ್ರಯಲ್‌ಗೆ ಮುಂಚೆ ಕೊಳ್ಳಬೇಡಿ.

ಕಂಬಗಳೂ ಎಲ್ಲ ಒಂದೇ ಅಲ್ಲ. ಹಿತ್ತಾಳೆಯದು ಚೆನ್ನಾಗಿ ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಜಾರುತ್ತದೆ, ಕ್ರೋಮ್ ನಡುವೆ. ಹಳೆಯ ಕಂಬಗಳು 50 ಮಿಲಿಮೀಟರ್ ದಪ್ಪ ಇರುತ್ತಿದ್ದವು, ಈಗ ಸ್ಪರ್ಧೆಗಳಲ್ಲಿ 45 ಮಿಲಿಮೀಟರ್. ಐದು ಮಿಲಿಮೀಟರ್ ಏನು ಮಹಾ ಅನಿಸುತ್ತದೆ ಅಲ್ವಾ? ನನ್ನ ಚಿಕ್ಕ ಕೈಗೆ ದಪ್ಪ ಕಂಬದಲ್ಲಿ ಬೆರಳು ಕೂಡುತ್ತಲೇ ಇರಲಿಲ್ಲ. ತೆಳು ಕಂಬಕ್ಕೆ ಜಾಗ ಬದಲಿಸಿಕೊಂಡ ದಿನವೇ ಹತ್ತುವುದು ಸಲೀಸಾಯಿತು. ಲೋಹ ತಣ್ಣಗಿದ್ದರೂ ಜಾರುತ್ತದೆ. ಅದಕ್ಕೇ ಎಲ್ಲರೂ ಮೊದಲು ಕಂಬಕ್ಕೆ ಮೈ ಉಜ್ಜಿ ಬಿಸಿ ಮಾಡುತ್ತಾರೆ. ಹೊರಗಿಂದ ನೋಡುವವರಿಗೆ ಏನೇನೋ ಅನಿಸಬಹುದು.

ಈಗ ನೋವಿನ ಬಗ್ಗೆ. ಪೋಲ್ ಸಿಟ್‌ನಲ್ಲಿ ಎರಡೂ ತೊಡೆ ಒಂದರ ಮೇಲೊಂದು ಹಾಕಿ ಕಂಬವನ್ನು ನಡುವೆ ಒತ್ತಿ ಹಿಡಿಯಬೇಕು. ಸೊಂಟ ಸ್ವಲ್ಪ ಓರೆಯಾಗಿ ತಿರುಗುತ್ತದೆ. ಆಗ ಒಳತೊಡೆಯ ಚರ್ಮ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ಇದನ್ನು ಸಿಹಿಯಾಗಿ ಹೇಳುವುದರಲ್ಲಿ ಅರ್ಥವಿಲ್ಲ. ತಮಾಷೆ ಅಂದರೆ, ಹೆದರಿ ಹಿಡಿತ ಸಡಿಲಿಸಿದರೆ ಚರ್ಮ ಎಳೆದುಕೊಂಡು ಇನ್ನೂ ಜಾಸ್ತಿ ಉರಿಯುತ್ತದೆ. ಗಟ್ಟಿಯಾಗಿ ಒತ್ತಿದರೆ ಕಮ್ಮಿ. ನಮ್ಮ ಬ್ಯಾಚಿನಲ್ಲಿ ಪೋಲ್ ಸಿಟ್ ಮೊದಲು ಬಂದಿದ್ದು ದಪ್ಪ ತೊಡೆಯವರಿಗೇ. ಕಂಬಕ್ಕೆ ತಾಗುವ ಜಾಗ ಹೆಚ್ಚು, ಹಿಡಿತವೂ ಹೆಚ್ಚು. ತೂಕದ ಪ್ರಶ್ನೆ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮಾರನೆಯ ದಿನ ಮೈ ಹಣ್ಣಾಗಿರುತ್ತದೆ. ಮೊಣಕಾಲ ಕೆಳಗೆ, ಪಾದದ ಮೇಲೆ, ತೊಡೆಯಲ್ಲಿ ನೀಲಿ ಕಲೆ. ಪೋಲ್ ಮಾಡುವವರು ಇದಕ್ಕೆ ಪೋಲ್ ಕಿಸ್ ಅಂತ ಮುದ್ದಾದ ಹೆಸರಿಟ್ಟಿದ್ದಾರೆ. ಚರ್ಮದಡಿಯ ಸಣ್ಣ ರಕ್ತನಾಳ ಒಡೆದು, ಹೊರಬಂದ ಹಿಮೊಗ್ಲೋಬಿನ್ ಕರಗುತ್ತಾ ಹೋದ ಹಾಗೆ ಕಲೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿ ಆಗುತ್ತದೆ. ಸಾಮಾನ್ಯವಾಗಿ ಎರಡು ವಾರದಲ್ಲಿ ಹೋಗುತ್ತದೆ. ಬಿ.ಪಿ. ತೋರಿಸಲು ಹೋದಾಗ ನರ್ಸ್ ನನ್ನ ತೋಳು ನೋಡಿ, ಬಾಗಿಲು ಹಾಕಿಬಂದು, ಮೆಲ್ಲಗೆ "ಮನೆಯಲ್ಲಿ ಎಲ್ಲ ಸರಿ ಇದೆಯಾ?" ಅಂತ ಕೇಳಿದರು. ಕಂಬದ ಕಥೆ ಹೇಳಿದೆ. ನಂಬಲಿಲ್ಲ, ಫೋಟೊ ತೋರಿಸಿದ ಮೇಲೆ ನಕ್ಕರು. ಆದರೂ ಅವರು ಕೇಳಿದ್ದು ನನಗೆ ಇಷ್ಟವಾಯಿತು. ಕೆಲವು ವಾರ ಕಳೆದ ಮೇಲೆ ಅದೇ ಜಾಗ ಅಷ್ಟು ನೋಯುವುದಿಲ್ಲ. ಹೊಸ ಭಂಗಿ ಹೊಸ ಜಾಗ ಹುಡುಕಿಕೊಳ್ಳುತ್ತದೆ, ಅಷ್ಟೇ.

ಕಂಬ ಎರಡು ಥರ. ಅಲ್ಲಾಡದೆ ನಿಲ್ಲುವುದು ಸ್ಟ್ಯಾಟಿಕ್, ತಾನೇ ತಿರುಗುವುದು ಸ್ಪಿನ್. ತಿರುಗುವ ಕಂಬ ಸುಲಭ ಅಂದುಕೊಂಡು ಖುಷಿಯಿಂದ ಹತ್ತಿದೆ. ಕೈಕಾಲು ಚಾಚಿದರೆ ನಿಧಾನ, ಮೈ ಹತ್ತಿರ ಎಳೆದುಕೊಂಡರೆ ವೇಗ. ಭಯಕ್ಕೆ ಕಂಬ ತಬ್ಬಿಕೊಳ್ಳುವುದು ಸಹಜ ತಾನೇ? ತಬ್ಬಿಕೊಂಡಷ್ಟೂ ಅದು ಗಿರ್ರನೆ ತಿರುಗುತ್ತದೆ. ಇಳಿದು ಗೋಡೆಗೆ ಒರಗಿದೆ. ಒಳಕಿವಿಯ ದ್ರವ ಇನ್ನೂ ಸುತ್ತುತ್ತಲೇ ಇತ್ತು. ಆ ಸಂಜೆಯಿಡೀ ವಾಕರಿಕೆ. ಇದಕ್ಕೆ ಶಕ್ತಿಯಿಂದ ಏನೂ ಉಪಯೋಗವಿಲ್ಲ. ಸ್ವಲ್ಪ ಸ್ವಲ್ಪವೇ ಮಾಡುತ್ತಾ ಮೆದುಳಿಗೆ ರೂಢಿ ಮಾಡಿಸಬೇಕು. ನನ್ನ ಕೈ ಅಥವಾ ಕಂಬದ ಮೇಲೆ ಕಣ್ಣು ನೆಟ್ಟಿದ್ದರಿಂದ ತಡೆದುಕೊಳ್ಳಲು ಆಯಿತು. ಹೊಟ್ಟೆ ತುಂಬಿಸಿಕೊಂಡು ಮಾತ್ರ ಹೋಗಬೇಡಿ.

ಎಲ್ಲ ಹದಕ್ಕೆ ಬಂತು ಅನ್ನುವಾಗ ಮೊಣಕೈ ಕೈಕೊಟ್ಟಿತು. ಒಳಬದಿಯ ಮೂಳೆಯ ಹತ್ತಿರ ಮುಳ್ಳು ಚುಚ್ಚುವಂಥ ನೋವು. ಬಾಗಿಲ ಚಿಲಕ ತಿರುಗಿಸಲೂ ಆಗದು. ಫಿಸಿಯೊ ಹೇಳಿದ್ದು ಇದು: ಹಿಡಿಯುವ ಸ್ನಾಯುಗಳು ಬೇಗ ಬಲವಾಗುತ್ತವೆ, ಅವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳು ತುಂಬಾ ನಿಧಾನ. ತೋಳು "ಆಗುತ್ತೆ" ಅನ್ನುವಾಗ ಟೆಂಡನ್ ಇನ್ನೂ ಹಿಂದೆ ಉಳಿದಿರುತ್ತದೆ. ಹತ್ತುವುದು ಬಂದ್. ಚಿಕ್ಕ ಡಂಬೆಲ್ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವುದು, ದಿನಾ ಅದೇ. ಹೆಗಲ ಮೂಳೆಯನ್ನು ಕಿವಿಯಿಂದ ದೂರ, ಕೆಳಕ್ಕೆ ಎಳೆದು ಹಿಡಿಯುವ ಅಭ್ಯಾಸವನ್ನೂ ಕೊಟ್ಟರು. ಕಂಬದಲ್ಲಿ ನೇತಾಡುವಾಗ ಬೆನ್ನಿನ ದೊಡ್ಡ ಸ್ನಾಯು ಕೆಲಸ ಮಾಡದಿದ್ದರೆ ಭಾರವೆಲ್ಲ ಮೊಣಕೈ, ಮಣಿಕಟ್ಟಿಗೆ ಬೀಳುತ್ತದೆ.

ಆ ಕಾಯುವ ದಿನಗಳು ಚರ್ಮದ ನೋವಿಗಿಂತ ಕಷ್ಟ. ಬ್ಯಾಚಿನವರು ಮುಂದೆ ಹೋಗುತ್ತಿದ್ದರು. ಪ್ಯಾಕ್‌ನ ಅವಧಿಯೂ ಮುಗಿಯಿತು, ಸ್ಟುಡಿಯೊದವರು ಒಂದು ದಿನವೂ ಮುಂದೂಡಲಿಲ್ಲ. ಬರೆಸಿಕೊಳ್ಳಿ ಅಂತ ಮೇಲೆ ಹೇಳಿದ್ದು ಅದಕ್ಕೇ. ವಾಪಸ್ ಬಂದಾಗ ಎರಡೂ ಪಕ್ಕ ಸಮನಾಗಿ ಮಾಡುವ ಹಠ ಹಿಡಿದೆ. ಎಲ್ಲರಿಗೂ ಒಂದು ಪಕ್ಕ ಬೇಗ ಬರುತ್ತದೆ, ಅದನ್ನೇ ಮಾಡುತ್ತಾ ಹೋದರೆ ಒಂದೇ ಹೆಗಲು ಸವೆಯುತ್ತದೆ. ಎಡಪಕ್ಕ ಮಾಡುವಾಗ ಮೊದಲ ದಿನದ ಪೆದ್ದುತನವೆಲ್ಲ ವಾಪಸ್ ಬರುತ್ತದೆ. ಬರಲಿ.

ಮನಸ್ಸಿಗೆ ಏನಾಯಿತು ಅಂತ ಕೇಳಿದರೆ, ನನ್ನ ಫೋನಿನ ವಿಡಿಯೊಗಳನ್ನೇ ತೋರಿಸಬೇಕು. ಟೀಚರ್ ಎಲ್ಲರಿಗೂ ತಮ್ಮದನ್ನು ತಾವೇ ಶೂಟ್ ಮಾಡಿಕೊಳ್ಳಿ ಅನ್ನುತ್ತಾರೆ. ಶುರುವಿನಲ್ಲಿ ನಾನು ನೋಡಿದ ಕೂಡಲೇ ಅಳಿಸುತ್ತಿದ್ದೆ. ಹೊಟ್ಟೆಯ ಮಡಿಕೆ, ತೊಡೆಯ ಗುಳಿ, ಅದೇ ಕಾಣುತ್ತಿತ್ತು. ಈಗ ನೋಡಿದರೆ ಮೊದಲು ಕಾಣುವುದು ಹೆಗಲು. ಮೇಲೇರಿದೆಯಾ, ಕೆಳಗಿದೆಯಾ? ಕೆಳಗಿನ ಕೈ ತಳ್ಳುತ್ತಿದೆಯಾ? ಹೊಟ್ಟೆ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ. ಬೆನ್ನು ಅಗಲವಾಗಿದೆ, ಎರಡು ರವಿಕೆ ಬಿಗಿಯಾಗಿವೆ, ತೂಕದ ಮುಳ್ಳು ಹೆಚ್ಚುಕಮ್ಮಿ ಅಲ್ಲೇ ನಿಂತಿದೆ. ತೆಳ್ಳಗಾಗಲು ಸೇರುವವರು ಬೇಸ್ತು ಬೀಳಬಹುದು. ಕುತ್ತಿಗೆ ನೋವು ಮಾತ್ರ ಅಪರೂಪವಾಗಿದೆ. ಇನ್ನೊಂದು ಲಾಭ, ಕಂಬದ ಮೇಲೆ ಇರುವಷ್ಟು ಹೊತ್ತು ಆಫೀಸಿನ ಚಿಂತೆ ಬರುವುದಿಲ್ಲ. ಬಂದರೆ ಕೈ ಜಾರುತ್ತದೆ.

ಹೊರಗಿನವರ ಮಾತು ಇದ್ದೇ ಇದೆ. ಹುಬ್ಬೇರಿಸಿದವರೂ ಇದ್ದಾರೆ, ಮೂಗು ಮುರಿದವರೂ ಇದ್ದಾರೆ. ಇದಕ್ಕೆ ಉತ್ತರವಾಗಿ ಕೆಲವರು "ಅಯ್ಯೋ, ಕ್ಲಬ್‌ಗಳ ಕುಣಿತಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಬರೀ ಕ್ರೀಡೆ" ಅನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಕ್ರೀಡೆಯೂ ಹೌದು. ಪೋಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ 2009ರಲ್ಲಿ ಶುರುವಾಯಿತು, 2012ರಲ್ಲಿ ಲಂಡನ್ನಿನಲ್ಲಿ ವಿಶ್ವ ಸ್ಪರ್ಧೆ ನಡೆಯಿತು, 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘ ವೀಕ್ಷಕ ಸ್ಥಾನ ಕೊಟ್ಟಿತು. ಮಲ್ಲಕಂಬ ಅಂತೂ ಇದಕ್ಕಿಂತ ತುಂಬಾ ಹಳೆಯದು. ಆದರೆ ನಾವು ಕಲಿಯುವ ಸ್ಪಿನ್‌ಗಳಲ್ಲಿ, ಹತ್ತುವ ರೀತಿಯಲ್ಲಿ ಬಹಳಷ್ಟನ್ನು ಕಟ್ಟಿದವರು ಕ್ಲಬ್‌ಗಳಲ್ಲಿ ಹೊಟ್ಟೆಪಾಡಿಗೆ ಕುಣಿದ ಹೆಂಗಸರು. ಹೊರಗಿನವರಿಗೆ ಕಲಿಸಲು ಶುರು ಮಾಡಿದವರಲ್ಲೂ ಅವರಿದ್ದರು. ಅವರ ವಿದ್ಯೆ ತಗೊಂಡು, ಅವರನ್ನು ಹೊರಗಿಡುವುದು ಸರಿಯಲ್ಲ. ನಾನು ಮನೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿದ್ದು ಗಿದ್ದು ಮಾಡ್ಕೋಬೇಡ" ಅಂದರು.

ಇನ್ವರ್ಟ್‌ಗೆ ಬರೋಣ. ಕಂಬ ಕಂಕುಳಿನ ಹತ್ತಿರ, ಎರಡೂ ಕೈ ಎದೆಯ ಮಟ್ಟದಲ್ಲಿ. ತಲೆ ಹಿಂದಕ್ಕೆ ಚೆಲ್ಲಿ, ಸೊಂಟ ಮೇಲೆತ್ತಿ, ಎರಡೂ ಕಾಲು ಅಗಲಿಸಿ ಕಂಬದ ಆಚೀಚೆ ತರಬೇಕು. ಎಲ್ಲರೂ ಕಾಲು ಎತ್ತಲು ನೋಡುತ್ತಾರೆ, ಅಥವಾ ನೆಲ ಒದ್ದು ಹಾರುತ್ತಾರೆ. ಒದ್ದು ಹೋದವರು ಆಚೆಬದಿಗೆ ಬೀಳುತ್ತಾರೆ, ಹೆಗಲೂ ಉಳುಕುತ್ತದೆ. ನಮ್ಮ ಟೀಚರ್ ಒದೆಯಲು ಬಿಡಲೇ ಇಲ್ಲ. ನೆಲದಲ್ಲಿ ಮಲಗಿ ಸೊಂಟ ಎತ್ತುವುದು, ಮಂಡಿ ಮಡಿಸಿ ಎದೆಗೆ ತಂದು ನಿಲ್ಲಿಸುವುದು, ತಿಂಗಳುಗಟ್ಟಲೆ ಇಷ್ಟೇ. ಜಪ್ಪಯ್ಯ ಅಂದರೂ ಸೊಂಟ ಮೇಲೇಳದ ದಿನಗಳು ಎಷ್ಟೋ.

ಬಂದ ದಿನ ಯಾವ ವಿಶೇಷವೂ ಇರಲಿಲ್ಲ. ಸುಸ್ತಾಗಿತ್ತು, ಕ್ಲಾಸ್ ಮುಗಿಯುತ್ತಿತ್ತು. ಉಸಿರು ಬಿಟ್ಟೆ, ತಲೆ ಹಿಂದೆ ಹಾಕಿದೆ, ಮಂಡಿಯ ಹಿಂಭಾಗಕ್ಕೆ ತಣ್ಣನೆಯ ಕಂಬ ತಾಗಿತು. ಸೀಲಿಂಗ್‌ನ ಜಾಗದಲ್ಲಿ ಕ್ರ್ಯಾಶ್ ಮ್ಯಾಟ್‌ನ ಹೊಲಿಗೆ ಕಾಣಿಸಿತು. ಟೀಚರ್ ನನ್ನ ಸೊಂಟದ ಹತ್ತಿರ ಕೈ ಚಾಚಿ ನಿಂತಿದ್ದರು, ಮುಟ್ಟಿರಲಿಲ್ಲ. ನನಗೆ ಮೊದಲು ಬಂದ ಯೋಚನೆ, ಇಲ್ಲಿಂದ ಇಳಿಯುವುದು ಹೇಗೆ ಅಂತ! ಪುಣ್ಯಕ್ಕೆ ಅದನ್ನೇ ಮೊದಲು ಕಲಿಸಿದ್ದರು: ಕೈ ಬಿಡಬೇಡ, ಗದ್ದ ಎದೆಗೆ, ಕಾಲು ನಿಧಾನ. ಇಳಿಯುವುದನ್ನು ಕಲಿಸದೆ ಹತ್ತಿಸುವ ಕಡೆ ಕಲಿಯಬೇಡಿ. ಮ್ಯಾಟ್ ಹಾಕದೆ, ಪಕ್ಕದಲ್ಲಿ ನಿಲ್ಲದೆ ತಲೆಕೆಳಗೆ ಮಾಡಿಸುವ ಕಡೆಯೂ ಬೇಡ.

ಇದಾದ ಮೇಲೆ ಎಲ್ಲರಿಗೂ ಮನೆಯಲ್ಲಿ ಕಂಬ ಹಾಕಿಸುವ ಹುಚ್ಚು ಹಿಡಿಯುತ್ತದೆ, ನನಗೂ ಹಿಡಿದಿದೆ. ನೆಲಕ್ಕೂ ಸೀಲಿಂಗ್‌ಗೂ ಒತ್ತಿ ನಿಲ್ಲಿಸುವ ಕಂಬಕ್ಕೆ ಕೊರೆಯುವುದು ಬೇಡ, ಬಾಡಿಗೆ ಮನೆಗೂ ಆಗುತ್ತದೆ. ಆದರೆ ಸೀಲಿಂಗ್ ಗಟ್ಟಿ ಇರಬೇಕು. ಫಾಲ್ಸ್ ಸೀಲಿಂಗ್‌ಗೆ ಒತ್ತಿದರೆ ಅದು ಮುರಿದು ತಲೆಮೇಲೆ ಬರುತ್ತದೆ. ಸುತ್ತ ಕಾಲು ಚಾಚುವಷ್ಟು ಜಾಗ ಅಳೆದುಕೊಳ್ಳಿ, ಫ್ಯಾನ್ ಎಲ್ಲಿದೆ ನೋಡಿಕೊಳ್ಳಿ, ಬಾಡಿಗೆ ಮನೆಯಾದರೆ ಓನರ್‌ಗೆ ಹೇಳಿ. ಅಗ್ಗದ ಕಂಬ ಬೇಡ, ಮ್ಯಾಟ್‌ಗೂ ದುಡ್ಡು ಎತ್ತಿಡಿ. ಹಾಕಿದ ಕಂಬದ ಸ್ಕ್ರೂ ಬಿಗಿ ಇದೆಯಾ ಅಂತ ಪ್ರತಿ ಸಲ ಹತ್ತುವ ಮುಂಚೆ ನೋಡಬೇಕು. ನಮ್ಮ ಮನೆಯ ಓನರ್ ಇನ್ನೂ ಹೂಂ ಅಂದಿಲ್ಲ. ಎಡಗಡೆಯ ಇನ್ವರ್ಟ್ ಕೂಡ ಬಾಕಿ ಇದೆ. ಮುಂದಿನ ಹಂತದ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಬರೆಸಿದ್ದೇನೆ, ಈ ಸಲ ಪ್ಯಾಕ್ ತಡೆಹಿಡಿಯುವ ನಿಯಮ ಓದಿ ಸಹಿ ಹಾಕಿದ್ದೇನೆ.